ಫೋನು ಮೊದಲು ಇಡಬಾರದು

ಶರ್ಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೊರಳಿನವರೆಗೆ ಬಂದಾಗ ಒಂದು ಗುಂಡಿ ಮಿಕ್ಕಿತು. ಬಿಚ್ಚಿ, ಕೆಳಗಿನಿಂದ ಮತ್ತೆ ಹಾಕಿಕೊಂಡು ಬಂದ. ಮತ್ತೂ ಒಂದು ಮಿಕ್ಕಿತು. ಕನ್ನಡಿಯ ಮುಂದೆ ನಿಂತೂ ತಾನು ಕನ್ನಡಿ ನೋಡುತ್ತಿಲ್ಲ, ಕಿಟಕಿಯ ಕೆಳಗೆ ರಸ್ತೆಯಲ್ಲಿ ನಿಂತ ಯಾವುದೋ ಕಾರಿನ ಇಂಜಿನ್ ಇನ್ನೂ ಯಾಕೆ ಆರಲಿಲ್ಲ ಎಂದು ಮೈಯೆಲ್ಲ ಕಿವಿಯಾಗಿ ನಿಂತಿದ್ದೇನೆ ಎನ್ನುವುದು ಅವನಿಗೆ ಆಗ ಹೊಳೆಯಿತು. ಹಿಂದಿನ ಸಂಜೆ ಆಫೀಸಿನ ಮೇಡಂ ಫೋನ್ ಮಾಡಿ, ನಾಳೆ ಬೆಳಿಗ್ಗೆ ಬೇಗ ಬನ್ನಿ, ಕರ್ನಲ್ ಬರ್ತಾರೆ ಎಂದಷ್ಟೇ ಹೇಳಿದ್ದರು. ರಾತ್ರಿಯೆಲ್ಲ ಮಲಗಿದ್ದರೂ ಆ ಮಾತು ಮಲಗಿರಲಿಲ್ಲ. ಕಾರು ಹೊರಟುಹೋಯಿತು. ಪಕ್ಕದ ಮನೆಯವರ ಅಳಿಯ ಇರಬೇಕು, ಯಾವಾಗಲೂ ಹಾಗೇ ಇಂಜಿನ್ ಆರಿಸದೆ ಅತ್ತೆಯ ಹತ್ತಿರ ಮಾತಾಡುತ್ತಾನೆ. ಅಳಿಯನ ಕಾರಿಗೂ ಹೆದರುವ ಕಾಲ ಬಂತಲ್ಲ ಎಂದು ನಗಬೇಕೆನ್ನಿಸಿದರೂ ನಗಲಿಲ್ಲ.

“ಏನ್ರೀ ಅದು, ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ,” ಎಂದು ಬಾಗಿಲಲ್ಲಿ ನಿಂತ ಹೆಂಡತಿ ಕೂಗಿದಳು. ಕೂಗಿದ್ದು ಸಿಟ್ಟಿನಿಂದಲ್ಲ. ಮಾರುಕಟ್ಟೆಯಲ್ಲಿ ಬಾಂಬು ಸಿಡಿದಾಗ ಅವಳು ಬಟ್ಟೆ ಅಂಗಡಿಯೊಳಗೆ, ದಿಂಬಿನ ಕವರಿನ ಬಣ್ಣ ಬೇಡ, ಬೇರೆ ಕೊಡಿ ಎಂದು ಜಗಳಕ್ಕೆ ನಿಂತಿದ್ದಳು. ಅಂಗಡಿಯವನು ಒಪ್ಪದ್ದರಿಂದ ಒಳಗೇ ಉಳಿದಳು, ಬದುಕಿದಳು. ಅವನು ಒಪ್ಪಿಬಿಟ್ಟಿದ್ದರೆ ಹೊರಗೆ ಹಣ್ಣಿನ ಗಾಡಿಯ ಹತ್ತಿರ ಇರುತ್ತಿದ್ದಳು. ಎಡಗಿವಿ ಮಾತ್ರ ಅಂದೇ ಹೋಯಿತು. ಅಂದಿನಿಂದ ಅವಳು ಲೋಕವೆಲ್ಲ ಕಿವುಡೆನ್ನುವ ಹಾಗೆ ಮಾತಾಡುತ್ತಾಳೆ, ಯಾವುದಕ್ಕೂ ಹೆದರುವುದಿಲ್ಲ. ಮೊದಲು ಹಲ್ಲಿಗೆ ಹೆದರುತ್ತಿದ್ದವಳು. ಮನೆಯಲ್ಲಿ ಇರಬೇಕಾದ ಹೆದರಿಕೆಯನ್ನೆಲ್ಲ ಈಗ ಅವನೊಬ್ಬನೇ ಹೊರಬೇಕಾಗಿದೆ.

“ಇವತ್ತೂ ಆ ಹೊಲಿಗೆ ಹೆಂಗಸಿನ ಮನೆಗಾ?”

“ಹ್ಞೂಂ.”

“ಏನಂದ್ರಿ?”

ಬಲಗಿವಿಯ ಕಡೆಗೆ ಹೋಗಿ, “ಹ್ಞೂಂ ಅಂದೆ,” ಎಂದ.

“ಹೋಗಿ, ಹೋಗಿ. ಅವಳ ಮಗ, ಆ ಪುಣ್ಯಾತ್ಮನ್ನ ಕೈ ಹಿಡ್ಕೊಂಡು ಕರ್ಕೊಂಡು ಬನ್ನಿ. ಹಾಗೇ ಊಟಕ್ಕೂ ಕರ್ಕೊಂಡು ಬಂದ್ಬಿಡಿ, ತಟ್ಟೆ ಹಾಕ್ತೀನಿ.” ಅವಳೇ ಅವನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಹಾಕುತ್ತಾ ದನಿ ತಗ್ಗಿಸಿ, ಅವಳ ಲೆಕ್ಕದಲ್ಲಿ ತಗ್ಗಿಸಿ, “ಅವರನ್ನೆಲ್ಲ ನಿಲ್ಲಿಸಿ ಸುಡಬೇಕು ಕಣ್ರೀ. ನೀವು ಬೇಜಾರು ಮಾಡ್ಕೊಂಡ್ರೂ ಅಷ್ಟೇ,” ಎಂದಳು. ಅವನಿಗೆ ಬೇಜಾರಾಗಲಿಲ್ಲ. ಅವಳ ಬೆರಳು ಎದೆಗೆ ತಾಗುತ್ತಿದ್ದಾಗ, ಇವಳು ಹೇಳುವುದೂ ಸರಿ ಇರಬಹುದಲ್ಲ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಭಯವಾಯಿತು.

ಮೊದಲು ಅವನು ಕೌಟುಂಬಿಕ ನ್ಯಾಯಾಲಯದಲ್ಲಿ ರಾಜಿ ಮಾಡಿಸುವ ಕೆಲಸದಲ್ಲಿದ್ದವನು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಉಂಡು ಮಲಗಿದ ಮೇಲೂ ಮುಗಿಯದ ಜಗಳಗಳು ಅವನ ಮೇಜಿಗೆ ಬರುತ್ತಿದ್ದವು. ಬೆಟ್ಟದ ಕಡೆ ಬಂದೂಕು ಹಿಡಿದು ಹೋದ ಹುಡುಗರನ್ನು ಮನೆಯವರ ಮೂಲಕ ಹಿಂದಕ್ಕೆ ಕರೆಸೋಣವೆಂದು ಸರ್ಕಾರ ‘ಮರಳಿ ಮನೆಗೆ’ ಎಂಬ ವಿಭಾಗ ತೆರೆದಾಗ, ಅದರ ಮುಖ್ಯಸ್ಥೆಯಾಗಿ ಬಂದ ಮೇಡಂ ಅವನನ್ನು ಕೇಳಿ ಕರೆಸಿಕೊಂಡಿದ್ದರು. “ಮುನಿಸಿಕೊಂಡು ಹೋದವರನ್ನ ಕರ್ಕೊಂಡು ಬರೋದು ನಿಮಗೆ ಗೊತ್ತು. ಇದೂ ಅದೇ. ಒಂದು ಬಂದೂಕು ಹೆಚ್ಚು, ಅಷ್ಟೇ,” ಎಂದು ನಕ್ಕಿದ್ದರು. ಆಗ ಅವರು ನಗುತ್ತಿದ್ದರು. ಅವನು ಅಲ್ಲಿಯ ವಿದ್ಯೆಯನ್ನೇ ಇಲ್ಲಿಗೂ ತಂದ. ಬಾ ಎಂದು ಯಾರನ್ನೂ ಕರೆಯಬಾರದು, ಕರೆದರೆ ಬರುವುದಿಲ್ಲ. ಬರಬೇಡ ಎಂದು ಇಲ್ಲಿ ಯಾರೂ ಅಂದಿಲ್ಲ ಎನ್ನುವುದು ಅವರಿಗೆ ಗೊತ್ತಾದರೆ ಸಾಕು. ಆದ್ದರಿಂದ ಮನೆಯವರಿಗೆ ಹೇಳಿಕೊಡುತ್ತಿದ್ದ: ಮಗ ಫೋನ್ ಮಾಡಿದಾಗ ಶರಣಾಗು, ಸರ್ಕಾರ ಕ್ಷಮಿಸುತ್ತೆ ಅಂತೆಲ್ಲ ಮಾತೆತ್ತಬೇಡಿ. ನಲ್ಲಿ ಸೋರುವುದು, ಬೆಕ್ಕು ಮರಿ ಹಾಕಿದ್ದು, ನಿಮ್ಮ ಮಂಡಿ ನೋವು, ಇಷ್ಟೇ. ಅತ್ತರೂ ಸಣ್ಣಗೆ ಅಳಿ. ಎಲ್ಲಕ್ಕಿಂತ ಮುಖ್ಯ, ಫೋನನ್ನು ನೀವು ಮೊದಲು ಇಡಬಾರದು. ಏನೇ ಆಗಲಿ. ಮನೆ ಅನ್ನೋದು ತಾನಾಗಿ ಬಾಗಿಲು ಹಾಕಿಕೊಳ್ಳಲ್ಲ ಅಂತ ಆ ಕಡೆಯವರಿಗೆ ಗೊತ್ತಾಗಬೇಕು. ಈ ಪಾಠವನ್ನು ಎಷ್ಟು ತಾಯಂದಿರಿಗೆ, ಎಷ್ಟು ಅಕ್ಕಂದಿರಿಗೆ ಹೇಳಿಕೊಟ್ಟಿದ್ದನೋ. ಹೇಳುವಾಗೆಲ್ಲ ತನ್ನ ದನಿಯ ಮೇಲೆ ತನಗೇ ಒಂದು ಪ್ರೀತಿ ಬರುತ್ತಿತ್ತು.

ಆಫೀಸಿನಲ್ಲಿ ಕರ್ನಲ್ ಆಗಲೇ ಬಂದು ಕೂತಿದ್ದರು, ಸಮವಸ್ತ್ರದಲ್ಲಲ್ಲ, ಕೇಬಲ್ ಕಂಪನಿಯವರು ಹಾಕುವಂಥ ನೀಲಿ ಶರ್ಟಿನಲ್ಲಿ. ಆ ಶರ್ಟನ್ನು ನೋಡಿ ಅವನು ಬಾಗಿಲಲ್ಲೇ ನಿಂತ. ಕರ್ನಲ್ ಒರಟು ಮನುಷ್ಯರಲ್ಲ. ಗಟ್ಟಿಯಾಗಿ ಮಾತಾಡಿದವರಲ್ಲ. ಬಂದವರಿಗೆ ಕುರ್ಚಿ ಎಳೆದುಕೊಡುತ್ತಿದ್ದರು. ಈಗಲೂ ಎಳೆದುಕೊಟ್ಟು, “ಕೂತ್ಕೊಳ್ಳಿ ರಾಜಿ ಸಾಹೇಬ್ರೇ. ನಿಮ್ಮ ಸೈಕಲ್ ಶಾಪಿನವನ ಸುದ್ದಿ ಮೇಡಂ ಹೇಳಿದ್ರಾ?” ಎಂದರು. ಅವನು ಇಲ್ಲವೆಂದು ತಲೆಯಾಡಿಸಿದ. ಮೇಡಂ ಕಿಟಕಿಯಾಚೆ ನೋಡುತ್ತಿದ್ದರು. ಸೈಕಲ್ ಶಾಪಿನವನೆಂದರೆ ತಾನೇ ಕರೆತಂದು, ತಾನೇ ಜಾಮೀನು ನಿಂತಿದ್ದ ಹುಡುಗ. ತಂಗಿಯ ಹತ್ತಿರ ವಾರಗಟ್ಟಲೆ ಫೋನಿನಲ್ಲಿ ಮಾತಾಡಿ ಮಾತಾಡಿ, ಒಂದು ದಿನ ನನ್ನ ಹಾಸಿಗೆ ಎಲ್ಲಿಟ್ಟಿದ್ದೀರಿ ಎಂದು ಕೇಳಿ, ಮುಂದಿನ ವಾರ ಬೆಟ್ಟ ಇಳಿದು ಬಂದಿದ್ದ. ಸಾಲ ಕೊಡಿಸಿ ಅಂಗಡಿ ಹಾಕಿಸಿದ್ದರು. ಪಂಕ್ಚರ್ ಹಾಕಿ ಕೈ ಒರೆಸಿಕೊಳ್ಳುತ್ತಾ ದುಡ್ಡು ಬೇಡ ಸರ್ ಅನ್ನುತ್ತಿದ್ದ. ಮಾರುಕಟ್ಟೆಯ ಬಾಂಬಿಗೆ ಒಂದು ವಾರ ಮೊದಲು ಕಾಣೆಯಾದ. “ಚೀಲ ಇಟ್ಟವನು ಅವನೇ,” ಎಂದರು ಕರ್ನಲ್. “ಪೂರ್ತಿ ಖಾತ್ರಿನಾ ಅಂತ ಕೇಳ್ಬೇಡಿ. ನನಗೆ ಸಾಕಷ್ಟು ಖಾತ್ರಿ.”

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ತಾನು ಆ ಕೈ ಕುಲುಕಿದ್ದು ನೆನಪಾಯಿತು. ಗ್ರೀಸಿನ ವಾಸನೆ ಬರುವ, ಬೆಚ್ಚಗಿನ ಕೈ. ಆ ಕೈ, ದಿಂಬಿನ ಕವರು ಹಿಡಿದು ಜಗಳಾಡುತ್ತಿದ್ದ ಹೆಂಡತಿಯ ಹತ್ತಿರದಿಂದಲೇ ಹಾದುಹೋಗಿತ್ತೇ? ಇದನ್ನು ಅವಳಿಗೆ ಹೇಗೆ ಹೇಳುವುದು? ಬಲಗಿವಿಯ ಹತ್ತಿರ ಹೋಗಿ ಹೇಳಬೇಕಾದ ಮಾತು ಇದು.

ಕರ್ನಲ್ ಹೇಳುತ್ತಲೇ ಇದ್ದರು. ಇವತ್ತು ಮಧ್ಯಾಹ್ನ ಆ ಹೊಲಿಗೆಯ ಹೆಂಗಸಿನ ಮಗ ಪ್ರತಿ ವಾರದಂತೆ ಫೋನ್ ಮಾಡುತ್ತಾನೆ. ಬೀದಿಯಲ್ಲಿ ಒಂದು ಕೇಬಲ್ ವ್ಯಾನು ನಿಂತಿರುತ್ತದೆ. ಮಾತು ಉದ್ದವಾದಷ್ಟೂ ಅವನಿರುವ ಜಾಗ ಕಿರಿದಾಗುತ್ತದೆ. ಸಾಕಷ್ಟು ಕಿರಿದಾದರೆ ಬೆಟ್ಟದ ಈಚೆ ಕಾಯುತ್ತಿರುವ ಹೆಲಿಕಾಪ್ಟರಿಗೆ ಒಂದು ಮಾತು ಹೇಳಿದರೆ ಮುಗಿಯಿತು. “ಅವನ ಜೊತೆ ಬಾಂಬು ಕಟ್ಟೋನು ಇದ್ದಾನೆ. ನನಗೆ ಬೇಕಾಗಿರೋದು ಆ ಇನ್ನೊಬ್ಬ. ನೀವು ಹೊಸದಾಗಿ ಏನೂ ಮಾಡ್ಬೇಡಿ. ಯಾವಾಗಲೂ ಮಾಡೋದನ್ನೇ ಮಾಡಿ. ನಿಮ್ಮ ಮನೆಗಳಲ್ಲಿ ಯಾರೂ ಫೋನ್ ಮೊದಲು ಇಡಲ್ಲವಂತಲ್ಲ, ಅದೇ ನನಗೆ ಸಾಕು.”

“ಸರ್, ಅವನು ಬರೋ ಹಾಗಿದ್ದಾನೆ,” ಎಂದ ಅವನು. ದನಿ ಕೀರಲಾಗಿ ಬಂತು. “ಇನ್ನೊಂದೆರಡು ವಾರ ಕೊಟ್ರೆ...”

“ಸೈಕಲ್ ಶಾಪಿನವನೂ ಬಂದನಲ್ಲ.”

ಅವನು ಮೇಡಂ ಕಡೆ ನೋಡಿದ. ಮೊದಲಾಗಿದ್ದರೆ ಅವರು ಮೇಜು ಕುಟ್ಟಿ ಹೇಳುತ್ತಿದ್ದರು: ಒಬ್ಬನನ್ನ ಕೊಂದ್ರೆ ಅವನ ಮನೆಯಿಂದ ಇಬ್ಬರು ಹೊರಡ್ತಾರೆ ಕರ್ನಲ್, ನೀವು ಕಳೆ ಕೀಳ್ತಿಲ್ಲ, ಬಿತ್ತುತ್ತಿದೀರ. ಈಗಲೂ ಹೇಳಿದರು, ಆದರೆ ಪಾಠ ಒಪ್ಪಿಸುವವರ ಹಾಗೆ. ಕರ್ನಲ್ ಅದನ್ನು ಗೌರವದಿಂದಲೇ ಕೇಳಿಸಿಕೊಂಡು, “ಹೌದು ಮೇಡಂ, ಆ ಇಬ್ಬರು ಹೊರಡೋ ಹೊತ್ತಿಗೆ ನೀವು ಅವರ ಮನೆಗೆ ಹೋಗಿ ಮಾತಾಡಿ. ಮೊದಲನೆಯವನನ್ನ ನನಗೆ ಬಿಡಿ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡೋಕೆ ನನಗೆ ಪುರುಸೊತ್ತಿಲ್ಲ,” ಎಂದರು. ಆಮೇಲೆ ಅವನತ್ತ ತಿರುಗಿ, “ನಿಮ್ಮ ಮನೆಯವರ ಕಿವಿ ಈಗ ಹೇಗಿದೆ?” ಎಂದು ಕೇಳಿದರು. ಕರುಣೆಯಿಂದಲೇ ಕೇಳಿದರು. ಅವನಿಗೆ ಅದು ಬೆದರಿಕೆಯ ಹಾಗೂ ಕೇಳಿಸಿತು, ಸಾಂತ್ವನದ ಹಾಗೂ ಕೇಳಿಸಿತು. ಹಾಗೇ ಇದೆ ಸರ್ ಎಂದ. ಮೇಡಂ ಕೊನೆಗೆ, “ಹೋಗಿ ಬನ್ನಿ,” ಎಂದರು, ಅಷ್ಟೇ. ಹೊರಗೆ ಬಂದು ಬಚ್ಚಲಿಗೆ ಹೋದ. ತಿರುಗಿ ಬಂದು ಮತ್ತೆ ಹೋದ. ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವಳು, “ಹೊಟ್ಟೆ ಸರಿ ಇಲ್ವಾ ಸರ್?” ಎಂದು ಕೇಳಿದಾಗ ಅವನಿಗೆ ಅಳು ಬರುವಷ್ಟು ಅವಮಾನವಾಯಿತು.

ಬಸ್ಸಿನಲ್ಲಿ ಒಂದು ಸೀಟಿನ ಕೆಳಗೆ ಯಾರದೋ ಚೀಲವಿತ್ತು. ಇದು ಯಾರದ್ದು ಎಂದು ಕೇಳಬೇಕು, ಕೇಳಿದರೆ ಎಲ್ಲರೂ ಇಳಿದು ಓಡುತ್ತಾರೆ, ಕೇಳದಿದ್ದರೆ? ಕೇಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ತಾನೇ ಇಳಿದುಬಿಟ್ಟ. ಬಸ್ಸು ಹೋಗುತ್ತಿದ್ದಾಗ ಕಿಟಕಿಗಳಲ್ಲಿ ಕಂಡ ತಲೆಗಳನ್ನೆಲ್ಲ ನೋಡುತ್ತಾ, ಇವರಲ್ಲಿ ಒಬ್ಬರಿಗಾದರೂ ಹೇಳಬಹುದಿತ್ತಲ್ಲ, ತನ್ನ ಜೀವವನ್ನಷ್ಟೇ ಜೇಬಿಗೆ ಹಾಕಿಕೊಂಡು ಇಳಿದೆನಲ್ಲ ಎಂದು ನಿಂತ. ಬಸ್ಸು ತಿರುವಿನಲ್ಲಿ ಮರೆಯಾಯಿತು, ಏನೂ ಆಗಲಿಲ್ಲ. ಉಳಿದ ದಾರಿಯನ್ನು ನಡೆದ. ಬೇಕೆಂದೇ ಸುತ್ತುಹಾಕಿ ನಡೆದ. ತಡವಾಗಿ ಹೋದರೆ, ಅಷ್ಟರಲ್ಲಿ ಮಗ ಫೋನ್ ಮಾಡಿ ಮುಗಿದಿದ್ದರೆ, ತನ್ನದೇನೂ ಇರುವುದಿಲ್ಲ ಎಂಬ ಯೋಚನೆ ನಾಯಿಮರಿಯ ಹಾಗೆ ಕಾಲಿಗೆ ಸುತ್ತಿಕೊಂಡು ಬಂತು. ಅದನ್ನು ಒದೆಯಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಆದರೂ ಹೊತ್ತಿಗೆ ಸರಿಯಾಗಿ ಆ ಬೀದಿಗೆ ಬಂದಿದ್ದ. ವರ್ಷಗಟ್ಟಲೆ ತಡಮಾಡದ ಕಾಲು ಅದು. ವ್ಯಾನು ನಿಂತಿತ್ತು. ಏಣಿ, ತಂತಿಯ ಸುರುಳಿ ಎಲ್ಲ ಇತ್ತು. ಅದರ ಪಕ್ಕದಿಂದ ಹಾದುಹೋಗುವಾಗ ಒಳಗಿನಿಂದ ಯಾರೋ ಕೆಮ್ಮಿದರು.

ಹೊಲಿಗೆಯ ಅಕ್ಕನ ಮನೆ ಮಹಡಿಯ ಮೇಲೆ, ಒಂದು ಕೋಣೆ, ಅಡುಗೆಯ ಮೂಲೆ, ಹಿಂದೆ ಹಿತ್ತಲಿನ ಮೆಟ್ಟಿಲಿಗೆ ಒಂದು ಬಾಗಿಲು. ಶಾಲೆಯ ಸಮವಸ್ತ್ರದ ಅಂಗಡಿಯವರು ಕಳಿಸಿದ ಬಿಳಿ ಶರ್ಟುಗಳು ಕೋಣೆಯ ತುಂಬ ರಾಶಿ ಬಿದ್ದಿರುತ್ತಿದ್ದವು. ಅವಳು ಕಾಜ ಹೊಲಿದು ಗುಂಡಿ ಹಚ್ಚಿ ಕೊಡುತ್ತಿದ್ದಳು. ಮೊದಲ ಸಲ ಅವನು ಬಂದಾಗ ಬಾಗಿಲ ಸರಪಳಿ ತೆಗೆಯದೆ ಸಂದಿಯಲ್ಲೇ ಮಾತಾಡಿಸಿದ್ದಳು. ಆರು ತಿಂಗಳಿಗೆ ಸರ್ ಅನ್ನುವುದು ಹೋಗಿ ತಮ್ಮ ಅನ್ನುವುದು ಬಂದಿತ್ತು. ಅವನು ಅಕ್ಕ ಎಂದು ಶುರುಮಾಡಿದ್ದು ಕೆಲಸದ ಉಪಾಯವಾಗಿ. ಯಾವಾಗ ಅದು ಉಪಾಯವಾಗಿ ಉಳಿಯಲಿಲ್ಲವೋ ಅವನಿಗೂ ತಿಳಿಯದು.

“ಬಾ ತಮ್ಮ. ಬೆವರಿದೀಯಲ್ಲ, ನಡ್ಕೊಂಡು ಬಂದ್ಯಾ? ಕೂತ್ಕೋ, ಅಲ್ಲಿ ಸೂಜಿ ಇದೆ ನೋಡ್ಕೊಂಡು.” ಅವಳು ಟೀ ತಂದಿಟ್ಟಳು. ಅವನ ಎದೆಯತ್ತ ನೋಡಿ, “ಯಾರೋ ಚೆನ್ನಾಗಿ ಗುಂಡಿ ಹಾಕಿ ಕಳಿಸಿದಾರೆ, ನೀನು ಹಾಕ್ಕೊಂಡಿದ್ದಲ್ಲ ಇದು,” ಎಂದು ನಕ್ಕಳು. ಗುಂಡಿಯ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳುವ ಹಾಗಿರಲಿಲ್ಲ. “ಹೋದ ವಾರ ಅವನ ದನಿ ಹೇಗಿತ್ತು ಹೇಳು? ನನಗೇನೋ ಕೆಮ್ಮು ಅನ್ನಿಸ್ತು.”

ಈಗ ಹೇಳಬಹುದು. ಅಕ್ಕ, ಇವತ್ತು ಫೋನ್ ಎತ್ತಬೇಡಿ. ನಾಲ್ಕು ಶಬ್ದ. ವ್ಯಾನಿನವರಿಗೆ ಫೋನಿನ ಮಾತು ಮಾತ್ರ ಕೇಳಿಸುತ್ತದೆ, ಕೋಣೆಯ ಮಾತಲ್ಲ. ಯಾರಿಗೂ ತಿಳಿಯುವುದಿಲ್ಲ. ಆದರೆ ಅವಳ ಮಗ ನಿಜವಾಗಿ ಬರುತ್ತಾನೋ, ಸೈಕಲ್ ಶಾಪಿನವನ ಹಾಗೆ ಬರುತ್ತಾನೋ? ಈ ಸಲ ಯಾವ ಮಾರುಕಟ್ಟೆ, ಯಾರ ಹೆಂಡತಿ, ಯಾವ ಕಿವಿ? ಅವನ ಬಾಯಿ ತೆರೆಯಿತು. “ಟೀ ಚೆನ್ನಾಗಿದೆ ಅಕ್ಕ,” ಎಂದ. ಆ ಮಾತು ಆಡಿದ ತನ್ನ ನಾಲಿಗೆಯನ್ನು ಬೇರೆ ಯಾರದೋ ವಸ್ತುವಿನಂತೆ ಬಾಯೊಳಗೆ ಹೊರಳಿಸಿ ನೋಡಿದ. ಒಣಗಿ ಚಕ್ಕೆಯಾಗಿತ್ತು. ಇಷ್ಟು ವರ್ಷ ತನ್ನದು ಒಳ್ಳೆಯತನ ಎಂದುಕೊಂಡಿದ್ದ. ಬಹುಶಃ ಅದೂ ಹೆದರಿಕೆಯೇ. ಗಂಡ ಹೆಂಡಿರು ಅವನ ಮೇಜಿನ ಎದುರು ಕೂಗಾಡುವಾಗ, ಇವರು ಒಂದಾಗಲಿ ಎಂದಲ್ಲ, ಈ ಕೂಗು ನಿಲ್ಲಲಿ ಎಂದು ರಾಜಿ ಮಾಡಿಸುತ್ತಿದ್ದನೇ? ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಮೇಲೆ ಕೈಯೆತ್ತಿದಾಗ ಮಧ್ಯೆ ಹೋಗಿ ನಿಂತು ಶಾಲೆಯಲ್ಲಿ ನಡೆದ ಏನೋ ತಮಾಷೆ ಹೇಳಿದ್ದ. ಅಪ್ಪ ನಕ್ಕುಬಿಟ್ಟಿದ್ದರು. ಎಲ್ಲರೂ ಅವನನ್ನು ಜಾಣ ಎಂದರು. ಅವನ ಚಡ್ಡಿ ಒದ್ದೆಯಾಗಿದ್ದನ್ನು ಅಮ್ಮ ಒಬ್ಬಳೇ ನೋಡಿದ್ದಳು.

ಫೋನು ಬಡಿದುಕೊಂಡಿತು.

ಹೊಲಿಗೆ ಯಂತ್ರದ ಮೇಲೆ, ಬಿಳಿ ಶರ್ಟೊಂದರ ತೋಳಿನ ಮೇಲೆ ಇಟ್ಟಿದ್ದ ಫೋನು. ಅವನು ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡ. ಇಬ್ಬರೂ ಕೈಸನ್ನೆಗಳನ್ನು ಗೊತ್ತುಮಾಡಿಕೊಂಡಿದ್ದರು. ಅಂಗೈ ಕೆಳಗೆ ಮಾಡಿದರೆ ನಿಧಾನ, ಬೆರಳು ತಿರುಗಿಸಿದರೆ ಏನಾದರೂ ಕೇಳು. ಮುಷ್ಟಿ ಬಿಗಿದರೆ ಇಟ್ಟುಬಿಡು. ಮುಷ್ಟಿಯನ್ನು, ಬೇರೆ ಯಾರಾದರೂ ಲೈನಿಗೆ ಬಂದು ಬೆದರಿಸಿದರೆ ಇರಲಿ ಎಂದು ಕಲಿಸಿದ್ದ. ಯಾವತ್ತೂ ಬಳಸಿರಲಿಲ್ಲ.

“ಮರಿ,” ಎಂದಳು ಅವಳು. ಮಗನನ್ನು ಹಾಗೇ ಕರೆಯುತ್ತಿದ್ದಳು, ಇಪ್ಪತ್ತು ದಾಟಿದ ಮಗನನ್ನು.

“ಅಮ್ಮ. ಊಟ ಆಯ್ತಾ?”

“ಆಯ್ತು. ನಿನ್ನದು? ಕೆಮ್ಮು ಹೋಯ್ತಾ?”

“ಹೋಗಿದೆ. ಏನು ಮಾಡ್ತಿದೀಯ?”

“ಇನ್ನೇನು, ಕಾಜ. ಶಾಲೆ ಶುರುವಾಗತ್ತಲ್ಲ, ಅಂಗಡಿಯವನಿಗೆ ಪ್ರಾಣ ಹೋಗೋ ಅವಸರ. ಮೇಲ್ಗಡೆ ಟ್ಯಾಂಕು ಸೋರ್ತಿದೆ ಮರಿ, ಗೋಡೆಯೆಲ್ಲ ಒದ್ದೆ. ನೀನು ಅಂಟಿಸಿದ್ದ ಪಟ ಇತ್ತಲ್ಲ, ಆ ಓಟಗಾರಂದು, ಅದು ಕಿತ್ಕೊಂಡು ಬಂತು. ಮಡಚಿಟ್ಟಿದೀನಿ.”

ಅವಳು ಸೊಗಸಾಗಿ ಮಾತಾಡುತ್ತಿದ್ದಳು. ಅವನ ಶಿಷ್ಯರಲ್ಲೆಲ್ಲ ಇವಳೇ ಮೇಲು. ಒಂದು ಕೈ ಫೋನಿನಲ್ಲಿ, ಇನ್ನೊಂದು ಕೈ ಶರ್ಟಿನ ಅಂಚನ್ನು ಸವರುತ್ತಾ. ಕಣ್ಣು ಮಾತ್ರ ಇವನ ಕೈಮೇಲೆ. ಹೊರಗೆ ಬೀದಿಯಲ್ಲಿ ಯಾವ ಸದ್ದೂ ಇರಲಿಲ್ಲ. ಆ ವ್ಯಾನಿನೊಳಗೆ ಒಂದು ವೃತ್ತ ಸಣ್ಣದಾಗುತ್ತಾ, ಸಣ್ಣದಾಗುತ್ತಾ, ಒಂದು ಗುಡ್ಡ, ಒಂದು ಇಳಿಜಾರು, ಒಂದು ಬಂಡೆ ಎಂದು ಹತ್ತಿರವಾಗುತ್ತಿರುವುದು ಅವನಿಗೆ ಕಾಣುತ್ತಿತ್ತು. ಕಾಜದ ದಾರ ಎಳೆದ ಹಾಗೆ. ಕೈ ತೊಡೆಯ ಮೇಲೆ ಸತ್ತು ಬಿದ್ದಿತ್ತು. ಮಗ ನಗುತ್ತಿದ್ದ. ಟ್ಯಾಂಕು ಸೋರುವುದಕ್ಕೆ ಏನು ಹಚ್ಚಬೇಕೆಂದು ಹೇಳುತ್ತಿದ್ದ. ಬೇರೆ ಯಾರು ಹಚ್ಚಿದರೂ ನಿಲ್ಲಲ್ಲ, ನಾನಾದರೆ, ಎಂದು ನಿಲ್ಲಿಸಿದ.

“ಅಮ್ಮ, ಹಿಂದಿನ ಬಾಗಿಲ ಚಿಲಕ ಇನ್ನೂ ಹಾಗೇ ಇದೆಯಾ? ಹೊರಗಿನಿಂದ ಎತ್ತಿದ್ರೆ ತೆಗೀತಿತ್ತಲ್ಲ.”

ಅವನು ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡ. ಬರುವವರು ಕೇಳುವ ಪ್ರಶ್ನೆ ಇದು. ಹಾಸಿಗೆ ಎಲ್ಲಿದೆ, ಚಪ್ಪಲಿ ಇದೆಯಾ, ಚಿಲಕ ಹಾಗೇ ಇದೆಯಾ. ಇಷ್ಟು ವರ್ಷದಲ್ಲಿ ಒಮ್ಮೆಯೂ ಸುಳ್ಳಾಗಿಲ್ಲ. ಇವನು ಬರುತ್ತಾನೆ. ಇದೇ ಪ್ರಶ್ನೆಯನ್ನು ವ್ಯಾನಿನಲ್ಲಿ ಕೂತು ಕರ್ನಲ್ ಕೇಳಿಸಿಕೊಳ್ಳುತ್ತಿದ್ದಾರೆ, ಅವರಿಗೆ ಅದು ಬಾಂಬು ಕಟ್ಟುವವನು ಊರಿನಲ್ಲಿ ಅಡಗಲು ಮನೆ ಹುಡುಕುವ ಮಾತು. ಎರಡೂ ಇರಬಹುದು. ಸೈಕಲ್ ಶಾಪಿನವನೂ ಹಾಸಿಗೆ ಕೇಳಿದವನೇ. ಗೊತ್ತಿಲ್ಲ, ಗೊತ್ತಿಲ್ಲ, ತನಗೆ ಏನೇನೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟು: ಇನ್ನೊಂದು ಕ್ಷಣ ಬಿಟ್ಟರೆ ಆ ದನಿ ಇರುವ ಜಾಗದಲ್ಲಿ ದನಿ ಇರುವುದಿಲ್ಲ, ಅವಳು ಆ ಇಲ್ಲದ ದನಿಯನ್ನು ಕಿವಿಗೆ ಹಿಡಿದುಕೊಂಡು ಕೂತಿರುತ್ತಾಳೆ, ಅದನ್ನು ತಾನು ಎದುರಿನಲ್ಲಿ ಕೂತು ನೋಡಬೇಕು. ಅದನ್ನು ನೋಡಲಾರೆ ಎನ್ನಿಸಿತು. ಕೈ ತಾನಾಗಿ ಎದ್ದಿತು. ಮುಷ್ಟಿ ಬಿಗಿಯಿತು.

ಅವಳಿಗೆ ಅರ್ಥವಾಗಲಿಲ್ಲ. “ಹಾಗೇ ಇದೆ ಮರಿ,” ಎನ್ನುತ್ತಾ ಹುಬ್ಬು ಗಂಟಿಕ್ಕಿದಳು. ಅವನು ಮುಷ್ಟಿಯನ್ನು ಅವಳ ಮುಖದ ಹತ್ತಿರ ತಂದು ಅಲ್ಲಾಡಿಸಿದ.

“ಅಮ್ಮ, ನಾನು...” ಎಂದಿತು ಫೋನು.

ಅವಳು ಇಟ್ಟುಬಿಟ್ಟಳು.

ಕೋಣೆಯಲ್ಲಿ ಟ್ಯಾಂಕಿನ ನೀರು ಗೋಡೆಯಲ್ಲಿ ಇಳಿಯುವುದು ಕೇಳಿಸಿತು. “ಅವನೇನೋ ಹೇಳ್ತಿದ್ದ,” ಎಂದಳು ಅವಳು. “ನಾನು ಅಂದ. ನಾನು ಅಂದ್ರೆ ಏನು ತಮ್ಮ? ನಿನಗೆ ಗೊತ್ತಿರತ್ತಲ್ಲ, ಎಲ್ಲರದೂ ಕೇಳ್ತೀಯ. ನಾನು ಅಂದಮೇಲೆ ಏನಂತಾರೆ?” ಉತ್ತರ ಕೊಡಲು ಹೋದವನ ಕಣ್ಣು ಕಿಟಕಿಯತ್ತ ಹೋಯಿತು, ತಡೆಯುವ ಮೊದಲೇ. ಅವಳೂ ಅತ್ತ ನೋಡಿದಳು. ಎದ್ದು ಕಿಟಕಿಯ ಹತ್ತಿರ ಹೋಗಿ, ಪರದೆಯ ಅಂಚನ್ನು ಬೆರಳಲ್ಲಿ ಸರಿಸಿ ಕೆಳಗೆ ನೋಡಿ ನಿಂತಳು. “ಬೆಳಿಗ್ಗೆಯಿಂದ ನಿಂತಿದೆ ಆ ವ್ಯಾನು,” ಎಂದಳು ಮೆಲ್ಲಗೆ. “ಒಬ್ಬರೂ ಕಂಬ ಹತ್ತಲಿಲ್ಲವಲ್ಲ ಅಂದ್ಕೊಂಡೆ.” ತಿರುಗಿ ಅವನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಒಂದು ಶರ್ಟಿನಲ್ಲಿ ಕಾಜ ಎಲ್ಲಿ ತಪ್ಪಿದೆ ಎಂದು ಹುಡುಕುವವಳ ಹಾಗೆ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು, ತಪ್ಪಿದ್ದು ಸಿಕ್ಕಿತು.

ಫೋನು ಮತ್ತೆ ಬಡಿದುಕೊಂಡಿತು.

ಆ ಕಡೆಯವರು ಯಾವತ್ತೂ ಮತ್ತೆ ಮಾಡುವುದಿಲ್ಲ. ಲೈನು ಹೋದರೆ ಹೋಯಿತು, ಮುಂದಿನ ವಾರ. ಅದು ಅವರ ಎಚ್ಚರ. ಆದರೆ ಈ ಮನೆಯಲ್ಲಿ ಫೋನನ್ನು ಯಾವತ್ತೂ ಮೊದಲು ಇಟ್ಟದ್ದಿಲ್ಲ. ಅಮ್ಮ ಮಾತಿನ ಮಧ್ಯೆ ಇಟ್ಟಳೆಂದರೆ ಅಮ್ಮನಿಗೆ ಏನೋ ಆಯಿತು ಎಂದು ಗಾಬರಿಬಿದ್ದು, ಎಚ್ಚರ ಮರೆತು, ಮಗ ಮತ್ತೆ ಮಾಡುತ್ತಿದ್ದ. ಇದು ತಾನು ಕಲಿಸಿದ ಪಾಠದ ಫಲ ಎಂದು ಅವನಿಗೆ ಹೊಳೆದಾಗ ಕುರ್ಚಿಯಿಂದ ಏಳಲೂ ಆಗಲಿಲ್ಲ. ಎತ್ತಬೇಡಿ ಎಂದನೋ, ಎಂದೆನೆಂದುಕೊಂಡನೋ. ಅವಳು ಎತ್ತಿದಳು.

“ಅಮ್ಮಾ? ಏನಾಯ್ತು?”

“ಯಾರು ಬೇಕಾಗಿತ್ತು?” ಎಂದಳು ಅವಳು. ಅಂಗಡಿಯವನ ಹತ್ತಿರ ಮಾತಾಡುವ ದನಿ ಅದು. ಅವನು ಆ ದನಿಯನ್ನು ಇಷ್ಟು ದಿನ ಈ ಫೋನಿನಲ್ಲಿ ಕೇಳಿರಲಿಲ್ಲ.

“ಅಮ್ಮ, ನಾನು...”

“ರಾಂಗ್ ನಂಬರಪ್ಪ. ಇಲ್ಲಿ ನಿಮ್ಮಮ್ಮ ಯಾರೂ ಇಲ್ಲ. ನನಗೆ ಮಕ್ಕಳಿಲ್ಲ.” ಉಸಿರು ತೆಗೆದುಕೊಂಡಳು. “ಇನ್ನು ಈ ನಂಬರಿಗೆ ಮಾಡ್ಬೇಡ. ಯಾವತ್ತೂ ಮಾಡ್ಬೇಡ.”

ಇಯರ್‌ಫೋನಿನಲ್ಲಿ ಗಾಳಿಯಷ್ಟೇ ಇತ್ತು. ಆ ಗಾಳಿಯೊಳಗೆ ಒಬ್ಬನು ಎಲ್ಲವನ್ನೂ ಅರ್ಥಮಾಡಿಕೊಳ್ಳುತ್ತಿರುವುದು ಅವನಿಗೆ ಕೇಳಿಸಿತು. “ಸರಿ,” ಎಂದಿತು ದನಿ, ಬಹಳ ಚಿಕ್ಕದಾಗಿ. ಲೈನು ಹೋಯಿತು. ಅವಳು ಫೋನನ್ನು ಶರ್ಟಿನ ತೋಳಿನ ಮೇಲೆ ಇಟ್ಟು, ತೋಳನ್ನು ಅದರ ಮೇಲೆ ಮಡಚಿದಳು. ಅವಳ ಬಾಯಿ ತೆರೆದಿತ್ತು, ಅಳು ಬರಲಿಲ್ಲ. ಮಗ ಬದುಕಿದ್ದಾನೆ, ಇನ್ನು ಬರುವುದಿಲ್ಲ. ಆರು ತಿಂಗಳು ಹೊಲಿದದ್ದನ್ನು ಅವಳೇ ಒಂದು ಉಸಿರಿನಲ್ಲಿ ಬಿಚ್ಚಿಹಾಕಿದ್ದಳು. ಮಗನೂ ಅವಳೂ ಮತ್ತೆ ಮಾತಾಡುವುದಕ್ಕೆ ಈ ಲೋಕದಲ್ಲಿ ದಾರಿ ಉಳಿದಿರಲಿಲ್ಲ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಬಾಗಿಲು ತಟ್ಟಿದರು, ಮರ್ಯಾದೆಯಾಗಿಯೇ. ಕರ್ನಲ್ ನೀಲಿ ಶರ್ಟಿನಲ್ಲಿ ಒಳಗೆ ಬಂದರು, ಹಿಂದೆ ಇಬ್ಬರು. ಬಟ್ಟೆಯ ರಾಶಿಯನ್ನು ತುಳಿಯದ ಹಾಗೆ ಜಾಗ ನೋಡಿಕೊಂಡು ನಿಂತರು. ಅವರ ಮುಖದಲ್ಲೂ ಬೆವರಿತ್ತು. “ಸ್ವಲ್ಪದರಲ್ಲಿ ಹೋಯ್ತು,” ಎಂದರು. “ಬೆಟ್ಟದ ಆ ಮಗ್ಗುಲಿನವರೆಗೆ ಬಂದಿದ್ವಿ. ಆ ಬಾಂಬು ಕಟ್ಟೋನು ಇನ್ನೆಲ್ಲಿ ಏನು ಮಾಡ್ತಾನೋ, ಯಾರ ಮನೆ ಹಾಳು ಮಾಡ್ತಾನೋ.” ಆ ಮಾತಿನಲ್ಲಿ ನಾಟಕವಿರಲಿಲ್ಲ. ಅವರೂ ಹೆದರಿದ್ದರು, ಅವರ ಹೆದರಿಕೆಯಲ್ಲಿ ಅವನ ಹೆಂಡತಿಯೂ ಇದ್ದಳು, ಇನ್ನೂ ಯಾರು ಯಾರೋ ಇದ್ದರು. ಅವನಿಗೆ ಎಲ್ಲರ ಕಾಲಿಗೂ ಬೀಳಬೇಕೆನ್ನಿಸಿತು. ಕರ್ನಲ್ ಅವನ ಕಡೆ ತಿರುಗಿದರು. “ಎರಡನೇ ಸಲದ್ದು ಕೇಳಿಸಿಕೊಂಡೆ. ಮೊದಲ ಸಲ ಮಾತಿನ ಮಧ್ಯೆ ಇಟ್ಟರಲ್ಲ, ಯಾಕೆ? ಯಾರು ಹೇಳಿದ್ದು?”

ನಾನು, ಎನ್ನಬೇಕಿತ್ತು. ಒಂದೇ ಶಬ್ದ. ಬೆಟ್ಟದ ಮೇಲಿನವನು ಎರಡು ಸಲ ಹೇಳಿದ್ದ ಶಬ್ದ. ಅವನು ಬಾಯಿ ತೆರೆದ. ಕೆಲಸ, ಪೆನ್ಶನ್ನು, ಕಿಟಕಿಯಿಲ್ಲದ ಕೋಣೆಗಳು, ಹೆಂಡತಿಗೆ ಕೇಳಿಸದ ಹಾಗೆ ಬಂದು ಎಡಗಡೆಯಿಂದ ಬಾಗಿಲು ತಟ್ಟುವವರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

“ಅವರೇ,” ಎಂದ. ಕೈ ಮಾಡಿಯೂ ತೋರಿಸಿದ, ಅದೇ ಕೈ. “ಅವರೇ ಇಟ್ಟುಬಿಟ್ರು ಸರ್. ನಾನು ಬೇಡ ಅಂತ ಸನ್ನೆ ಮಾಡ್ತಾನೇ ಇದ್ದೆ.”

ಹೊಲಿಗೆಯ ಅಕ್ಕ ಅವನನ್ನು ನೋಡಲಿಲ್ಲ. “ಹೌದು, ನಾನೇ ಇಟ್ಟೆ,” ಎಂದಳು. “ಅವರದೇನೂ ಇಲ್ಲ. ಪಾಪ, ತುಂಬ ಹೆದರಿದ್ದಾರೆ.”

“ನೀವು ಸ್ವಲ್ಪ ನಮ್ಮ ಜೊತೆ ಬರಬೇಕಾಗತ್ತೆ ತಾಯಿ,” ಎಂದರು ಕರ್ನಲ್. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಯಂತ್ರದ ಮುಚ್ಚಳ ಹಾಕಿ, ಒಲೆ ಆರಿದೆಯೋ ಎಂದು ಒಮ್ಮೆ ನೋಡಿ ಬಂದು, ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರು ಅವಳ ಹಿಂದೆ ಇಳಿದರು. ಕರ್ನಲ್ ಹೊರಡುವ ಮುಂಚೆ ಅವನ ಭುಜದ ಮೇಲೆ ಕೈಯಿಟ್ಟರು. “ನಿಮ್ಮದೇನೂ ತಪ್ಪಿಲ್ಲ ಬಿಡಿ ರಾಜಿ ಸಾಹೇಬ್ರೇ. ಮನೆಗೆ ಹೋಗಿ ಮಲಕ್ಕೊಳ್ಳಿ.”

“ಥ್ಯಾಂಕ್ಸ್ ಸರ್,” ಎಂದ ಅವನು. ಗಟ್ಟಿಯಾಗಿಯೇ ಬಂತು ದನಿ. ಮೆಟ್ಟಿಲಿಳಿಯುತ್ತಿದ್ದ ಅವಳ ಚಪ್ಪಲಿಯ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಕೆಳಗಿಳಿಯಿತು.